ಡಕ್‌ಡಕ್‌ಗೋ, ಗೂಗಲ್, ಬಿಂಗ್: ಮೈಸೂರು–ಮಂಡ್ಯದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಗೂಗಲ್ ಬಿಟ್ಟು ಬೇರೆ ಸರ್ಚ್ ಎಂಜಿನ್‌ನಲ್ಲಿ ದಿನನಿತ್ಯದ ಕೆಲಸ ಸಾಗುತ್ತದೆಯೇ ಎಂದು ಕೇಳುವ ವಿದ್ಯಾರ್ಥಿಗಳು, ಹೋಂಸ್ಟೇ ನಡೆಸುವವರು, ಶಾಲೆಯ ಕಂಪ್ಯೂಟರ್ ಕೊಠಡಿ ನೋಡಿಕೊಳ್ಳುವ ಮೇಷ್ಟ್ರುಗಳು, ರೈತರು ಇವರಿಗೆಲ್ಲ ಈ ಪುಟ. ಮುಖ್ಯವಾಗಿ ಡಕ್‌ಡಕ್‌ಗೋ ಬಗ್ಗೆ ಬರೆದಿದ್ದೇವೆ. ಉಳಿದವುಗಳ ಪ್ರಸ್ತಾಪ ಕೊನೆಯ ಭಾಗದಲ್ಲಿದೆ. ಒಂದು ಸೂಚನೆ: ವೆಬ್ ವಿಳಾಸ, ಆದೇಶಗಳನ್ನೆಲ್ಲ ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.

ಡಕ್‌ಡಕ್‌ಗೋ ಯಾರದ್ದು? ಎಷ್ಟು ಹಳೆಯದು?

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಗೇಬ್ರಿಯಲ್ ವೈನ್‌ಬರ್ಗ್ 2008ರಲ್ಲಿ ಶುರುಮಾಡಿದ್ದು. ಗೂಗಲ್ 1998ರದು, ಮೈಕ್ರೋಸಾಫ್ಟ್‌ನ ಬಿಂಗ್ ಆ ಹೆಸರಿನಲ್ಲಿ ಬಂದದ್ದು 2009ರಲ್ಲಿ. ಭಾರತದಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಹುಡುಕಾಟ ಗೂಗಲ್‌ನಲ್ಲೇ ನಡೆಯುತ್ತದೆ. ಹಾಗಾಗಿ ನಮ್ಮ ಕಡೆ ಹಲವರು ಈ ಹೆಸರನ್ನೇ ಕೇಳಿಲ್ಲದಿದ್ದರೆ ಆಶ್ಚರ್ಯವಿಲ್ಲ.

ಅದು ತೋರಿಸುವ ಫಲಿತಾಂಶ ಎಲ್ಲಿಂದ ಬರುತ್ತದೆ?

ಉಳಿದ ಬಹುಪಾಲು ಪ್ರಶ್ನೆಗಳ ಉತ್ತರ ಇದರಲ್ಲೇ ಅಡಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಸರ್ಚ್ ಎಂಜಿನ್ ನಡೆಸಲು ಮೊದಲು ಬೇಕಾದದ್ದು ಇಂಡೆಕ್ಸ್. ಕ್ರಾಲರ್ ಎಂಬ ಪ್ರೋಗ್ರಾಂ ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಹಿಡಿದು ಓಡಾಡುತ್ತಾ, ಯಾವ ಪದ ಯಾವ ಪುಟದಲ್ಲಿದೆ ಎಂದು ದಾಖಲಿಸಿಕೊಳ್ಳುತ್ತದೆ. ಇಡೀ ವೆಬ್‌ಗೆ ಇದನ್ನು ಮಾಡಿ, ದಿನದಿನವೂ ಹೊಸದಾಗಿಡುವುದು ವಿಪರೀತ ಖರ್ಚಿನ ಕೆಲಸ. ಇಂಗ್ಲಿಷ್ ಜಗತ್ತಿನಲ್ಲಿ ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡುತ್ತಿರುವವರು ಗೂಗಲ್ ಮತ್ತು ಮೈಕ್ರೋಸಾಫ್ಟ್. ಡಕ್‌ಡಕ್‌ಗೋಗೆ ಸ್ವಂತ ಕ್ರಾಲರ್ ಇದೆ. ವಿಕಿಪೀಡಿಯದಂಥ ಮೂಲಗಳಿಂದ ತೆಗೆದ ಚುಟುಕು ಉತ್ತರವನ್ನೂ ತೋರಿಸುತ್ತದೆ. ಆದರೆ ನೀಲಿ ಲಿಂಕುಗಳ ಸಾಲು ಬಹುಮಟ್ಟಿಗೆ ಬಿಂಗ್‌ನ ಇಂಡೆಕ್ಸಿನಿಂದ ಬಂದದ್ದು. ಕಬ್ಬು ಬೇರೆಯವರ ಗದ್ದೆಯದು, ಆಲೆಮನೆ ಮಾತ್ರ ಇವರದು.

ಪರಿಣಾಮ ನೇರ. ಬಿಂಗ್ ನೋಡದ ಪುಟ ಇಲ್ಲಿಯೂ ಸಿಗುವುದಿಲ್ಲ. 2024ರ ಜುಲೈನಲ್ಲಿ ರೆಡಿಟ್ ಎಂಬ ಚರ್ಚಾ ತಾಣ ತನ್ನೊಡನೆ ಒಪ್ಪಂದವಿಲ್ಲದ ಕ್ರಾಲರ್‌ಗಳನ್ನು ಹೊರಗಿಟ್ಟಿತು. ಗೂಗಲ್ ಜೊತೆ ಒಪ್ಪಂದ ಇದ್ದುದರಿಂದ ಅಲ್ಲಿ ರೆಡಿಟ್‌ನ ಹೊಸ ಚರ್ಚೆಗಳು ಬರುತ್ತಲೇ ಇದ್ದವು. ಬಿಂಗ್‌ನಲ್ಲಿ ನಿಂತವು, ಅದರ ಹಿಂದೆಯೇ ಡಕ್‌ಡಕ್‌ಗೋದಲ್ಲೂ ನಿಂತವು.

ಹಾಗಾದರೆ ನೇರವಾಗಿ ಬಿಂಗನ್ನೇ ಬಳಸಿದರಾಯಿತಲ್ಲ?

ಫಲಿತಾಂಶ ಮಾತ್ರ ಮುಖ್ಯವಾದರೆ, ಹೌದು, ಬಳಸಬಹುದು. ವ್ಯತ್ಯಾಸ ಇರುವುದು ನಿಮ್ಮ ಬಗ್ಗೆ ಏನು ದಾಖಲಾಗುತ್ತದೆ ಎಂಬಲ್ಲಿ. ಬಿಂಗ್ ಮತ್ತು ಗೂಗಲ್ ನಿಮ್ಮ ಖಾತೆ, ಹಿಂದಿನ ಹುಡುಕಾಟ, ಇರುವ ಜಾಗ ಇವನ್ನು ಸೇರಿಸಿ ಜಾಹೀರಾತು ತೋರಿಸಬಲ್ಲವು. ಡಕ್‌ಡಕ್‌ಗೋ ಜಾಹೀರಾತೂ ಮೈಕ್ರೋಸಾಫ್ಟ್ ಮೂಲಕವೇ ಬರುತ್ತದೆ, ಆದರೆ ಅದು ನೀವು ಆ ಕ್ಷಣ ಹುಡುಕಿದ ಪದಕ್ಕೆ ಹೊಂದಿಕೊಂಡಿರುತ್ತದೆ. ‘ಮೈಸೂರು ಸಿಲ್ಕ್ ಸೀರೆ’ ಎಂದು ಹುಡುಕಿದರೆ ಆ ಪುಟದಲ್ಲಿ ಸೀರೆಯ ಜಾಹೀರಾತು ಕಾಣಬಹುದು. ಆ ಹುಡುಕಾಟದ ಕಾರಣಕ್ಕೆ ವಾರವಿಡೀ ಹೋದ ಸೈಟಿನಲ್ಲೆಲ್ಲ ಸೀರೆ ಬೆನ್ನು ಹತ್ತುವುದಿಲ್ಲ.

‘ನಿಮ್ಮನ್ನು ಹಿಂಬಾಲಿಸುವುದಿಲ್ಲ’ ಎನ್ನುತ್ತಾರೆ. ಎಷ್ಟರ ಮಟ್ಟಿಗೆ ನಂಬಬಹುದು?

ಹುಡುಕಾಟದ ಪುಟದ ಮಟ್ಟಿಗೆ ನಂಬಬಹುದು. ನೀವು ಹುಡುಕಿದ್ದನ್ನು ನಿಮ್ಮ ಐಪಿ ವಿಳಾಸದ (ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಜೊತೆ ಸೇರಿಸಿ ಇಟ್ಟುಕೊಳ್ಳುವುದಿಲ್ಲ ಎಂಬುದು ಅವರ ಘೋಷಿತ ನೀತಿ. ಆದರೆ ಜನ ಇದನ್ನು ಮಾಯಾ ಕಂಬಳಿ ಎಂದುಕೊಳ್ಳುತ್ತಾರೆ. ಅದು ಮುಚ್ಚದ ಸಂಗತಿಗಳು ಇಷ್ಟಿವೆ:

– ಫಲಿತಾಂಶದ ಮೇಲೆ ಒತ್ತಿ ಬೇರೆ ಸೈಟಿಗೆ ಹೋದ ಕೂಡಲೇ ಆ ಸೈಟಿಗೆ ನಿಮ್ಮ ಐಪಿ ವಿಳಾಸ ಗೊತ್ತಾಗುತ್ತದೆ. ಅಲ್ಲಿ ಬಂದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಇದ್ದರೆ ಗೂಗಲ್‌ಗೂ ಸುದ್ದಿ ಹೋಗುತ್ತದೆ.
– ಜಾಹೀರಾತಿನ ಮೇಲೆ ಒತ್ತಿದರೆ ಮೈಕ್ರೋಸಾಫ್ಟ್‌ನ ಜಾಹೀರಾತು ಜಾಲದ ಮೂಲಕ ಹಾದು ಹೋಗುತ್ತೀರಿ.
– ನೆಟ್ ಕೊಡುವ ಕಂಪನಿಗೆ ನೀವು ಡಕ್‌ಡಕ್‌ಗೋಗೆ ಹೋದದ್ದು ಕಾಣುತ್ತದೆ. ಸಂಪರ್ಕ ಗೂಢಲಿಪಿಯಲ್ಲಿರುವುದರಿಂದ ಏನು ಹುಡುಕಿದಿರಿ ಎಂಬುದು ಕಾಣುವುದಿಲ್ಲ.
– ನಿಮ್ಮದೇ ಬ್ರೌಸರಿನ ಹಿಸ್ಟರಿಯಲ್ಲಿ ಎಲ್ಲವೂ ಉಳಿಯುತ್ತದೆ. ಮನೆಯವರೆಲ್ಲ ಒಂದೇ ಫೋನ್ ಬಳಸುವ ಕಡೆ ಇದೇ ದೊಡ್ಡ ವಿಷಯ.

ಅವರ ಹೆಸರಿಗೂ ಒಮ್ಮೆ ಕಪ್ಪು ಹತ್ತಿದೆ. ಡಕ್‌ಡಕ್‌ಗೋ ಬ್ರೌಸರ್ ಆ್ಯಪ್ ಬೇರೆ ಸೈಟುಗಳಲ್ಲಿರುವ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು (ಬಳಕೆದಾರರ ಓಡಾಟ ಗಮನಿಸುವ ಕೋಡ್) ತಡೆಯದೆ ಬಿಡುತ್ತಿದೆ ಎಂದು 2022ರ ಮೇ ತಿಂಗಳಲ್ಲಿ ಒಬ್ಬ ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. ಕಾರಣ ಮೈಕ್ರೋಸಾಫ್ಟ್ ಜೊತೆಗಿನ ಒಪ್ಪಂದ. ಅದೇ ವರ್ಷ ಆಗಸ್ಟ್‌ನಲ್ಲಿ ಅವನ್ನೂ ತಡೆಯಲು ಶುರುಮಾಡಿದರು. ಅದು ಬ್ರೌಸರಿನ ಸಮಸ್ಯೆಯಾಗಿತ್ತು, ಸರ್ಚ್ ಎಂಜಿನ್‌ನದಲ್ಲ. ಎರಡನ್ನೂ ಒಂದೇ ಎಂದು ಕಲಸಿಕೊಳ್ಳುವವರು ಬಹಳ.

ಕನ್ನಡದಲ್ಲಿ ಹುಡುಕಿದರೆ ಹೇಗೆ?

ಇಲ್ಲಿ ಗೂಗಲ್ ಮುಂದಿದೆ, ಅದರಲ್ಲಿ ಎರಡು ಮಾತಿಲ್ಲ. ಯಾಕೆ ಎಂದು ತಿಳಿದುಕೊಂಡರೆ ಡಕ್‌ಡಕ್‌ಗೋದಿಂದಲೂ ಹೆಚ್ಚು ಕೆಲಸ ತೆಗೆಯಬಹುದು.

ಮೊದಲನೆಯದು ವಿಭಕ್ತಿ. ಮಂಡ್ಯ, ಮಂಡ್ಯದ, ಮಂಡ್ಯದಲ್ಲಿ, ಮಂಡ್ಯದಿಂದ ಎಲ್ಲವೂ ನಮಗೆ ಒಂದೇ ಊರು. ಪ್ರತ್ಯಯ ಕಳಚಿ ಮೂಲ ಪದ ಗುರುತಿಸಲು ಬರದ ಎಂಜಿನ್‌ಗೆ ಇವು ನಾಲ್ಕು ಬೇರೆ ಪದ. ‘ಮಂಡ್ಯದಲ್ಲಿರುವ ಒಳ್ಳೆಯ ಕಣ್ಣಿನ ಆಸ್ಪತ್ರೆಗಳು ಯಾವುವು’ ಎಂದು ಮಾತಾಡಿದ ಹಾಗೇ ಹೊಡೆದರೆ ಫಲಿತಾಂಶ ತೆಳ್ಳಗಾಗುತ್ತದೆ. ‘ಮಂಡ್ಯ ಕಣ್ಣಿನ ಆಸ್ಪತ್ರೆ’ ಎಂದು ಪ್ರತ್ಯಯ ತೆಗೆದು, ಏಕವಚನದಲ್ಲಿ, ಮೂರ್ನಾಲ್ಕು ಪದ ಮಾತ್ರ ಕೊಡಿ.

ಎರಡನೆಯದು ಕಣ್ಣಿಗೆ ಕಾಣದ ಅಕ್ಷರ. ಕನ್ನಂಬಾಡಿ ಕಟ್ಟೆಯ ಮೊಟಕು ಹೆಸರನ್ನೇ ತೆಗೆದುಕೊಳ್ಳಿ. ಒಬ್ಬರು ‘ಕೆಆರ್‌ಎಸ್’ ಎಂದು ‘ರ್’ ಆದಮೇಲೆ ಝೀರೋ ವಿಡ್ತ್ ನಾನ್‌ಜಾಯ್ನರ್ ಎಂಬ ಗುಪ್ತ ಚಿಹ್ನೆ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ಹಾಕದೆ ‘ಕೆಆರ್ಎಸ್’ ಎನ್ನುತ್ತಾರೆ, ಮತ್ತೊಬ್ಬರು ‘ಕೆ.ಆರ್.ಎಸ್’ ಎಂದು ಚುಕ್ಕಿ ಇಡುತ್ತಾರೆ. ನೋಡಲು ಮೊದಲೆರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ‘ರ‍್ಯಾಂಕ್’ ಪದದಲ್ಲೂ ಇದೇ ಕಥೆ: ಜಾಯ್ನರ್ ಅನ್ನು ‘ರ’ ಆದ ಕೂಡಲೇ ಹಾಕುವ ರೂಢಿ ಒಂದು, ಹಲಂತದ ನಂತರ ಹಾಕುವ ಹಳೆಯ ರೂಢಿ ಇನ್ನೊಂದು, ಹಾಕದೇ ಅರ್ಕಾವತ್ತಿನಲ್ಲಿ ‘ರ್ಯಾಂಕ್’ ಎಂದು ಬರೆಯುವುದು ಮೂರನೆಯದು. ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ, ಅಥವಾ ಇಂಥ ತೊಡಕಿಲ್ಲದ ಪದ ಬಳಸಿ. ‘ಕನ್ನಂಬಾಡಿ’ಯಲ್ಲಿ ಗುಪ್ತ ಚಿಹ್ನೆಗೆ ಜಾಗವೇ ಇಲ್ಲ.

ಮೂರನೆಯದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ‘ಮೈಸೂರಿಂದ ಮೇಲುಕೋಟೆಗೆ ಬಸ್ ಎಷ್ಟೊತ್ತಿಗೆ’ ಎಂದು ವಾಟ್ಸಾಪ್ ಶೈಲಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೂ ಗೂಗಲ್ ಬಹಳ ಸಲ ಅರ್ಥ ಮಾಡಿಕೊಳ್ಳುತ್ತದೆ. ಡಕ್‌ಡಕ್‌ಗೋ ಅದನ್ನು ಯಾವುದೋ ಅಪರಿಚಿತ ಪದವೆಂದುಕೊಂಡು ಎಲ್ಲೆಲ್ಲೋ ಹೋಗುತ್ತದೆ. ಅಲ್ಲಿ ಪೂರ್ತಿ ಕನ್ನಡ ಲಿಪಿ ಇಲ್ಲವೇ ಪೂರ್ತಿ ಇಂಗ್ಲಿಷ್ ಬಳಸಿ.

ಇಂಗ್ಲಿಷಿನಲ್ಲಿ ಊರಿನ ಹೆಸರು ಬರೆಯುವಾಗ ಹಳೆಯ ಕಾಗುಣಿತವನ್ನೂ ಒಮ್ಮೆ ಪ್ರಯತ್ನಿಸಿ. 2014ರ ನವೆಂಬರ್ 1ರಿಂದ ಅಧಿಕೃತ ಹೆಸರು ಇಂಗ್ಲಿಷಿನಲ್ಲೂ ‘ಮೈಸೂರು’ ಆಗಿದ್ದರೂ, 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯದ ವೆಬ್ ವಿಳಾಸದಲ್ಲಿ ಇಂದಿಗೂ ‘ಮೈಸೋರ್’ ಇದೆ. ಹಳೆಯ ಲೇಖನ, ಗೆಜೆಟಿಯರ್, ಪ್ರಬಂಧಗಳು ಬೇಕಾದರಂತೂ ಹಳೆಯ ಕಾಗುಣಿತವೇ ದಾರಿ.

ಸರ್ಕಾರಿ ಆದೇಶದ ಪಿಡಿಎಫ್ ನೆಟ್‌ನಲ್ಲಿದೆ ಎಂದು ಗೊತ್ತು. ಹುಡುಕಿದರೆ ಯಾವುದರಲ್ಲೂ ಸಿಗುವುದಿಲ್ಲ. ಯಾಕೆ?

ಬಹುಶಃ ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಕಡತ. ಆ ಪದ್ಧತಿಯಲ್ಲಿ ಒಳಗೆ ಉಳಿಯುವುದು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತ. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ನೀವು ಹುಡುಕುವುದು ಯೂನಿಕೋಡ್ ಎಂಬ ಈಗಿನ ಸಾರ್ವತ್ರಿಕ ಸಂಕೇತದ ಕನ್ನಡದಲ್ಲಿ, ಹಾಗಾಗಿ ಎರಡೂ ಸೇರುವುದೇ ಇಲ್ಲ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ. ಕಲಸುಮೇಲೋಗರ ಬಂದರೆ ಹಳೆಯ ಸಂಕೇತ. ಏನೂ ಕಾಪಿ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ.

ಕಡತ ಕೈಯಲ್ಲಿದ್ದರೆ ಹಳೆಯ ಸಂಕೇತವನ್ನು ನುಡಿ, ಬರಹ ತಂತ್ರಾಂಶಗಳಲ್ಲೇ ಇರುವ ಪರಿವರ್ತಕದಿಂದ ಯೂನಿಕೋಡ್‌ಗೆ ತರಬಹುದು. ಸ್ಕ್ಯಾನ್ ಆದದ್ದನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರ ಗುರುತಿಸಿ ಕೊಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪು ಬರುತ್ತದೆ, ಓದಿ ತಿದ್ದಬೇಕು. ಕಡತ ಇನ್ನೂ ಸಿಕ್ಕಿಲ್ಲವೆಂದರೆ ಇಲಾಖೆಯ ಇಂಗ್ಲಿಷ್ ಹೆಸರು, ವರ್ಷ, ಆದೇಶದ ಸಂಖ್ಯೆಯ ಅಂಕಿಗಳನ್ನು ಕೊಟ್ಟು ಹುಡುಕಿ. ಫೈಲಿನ ಹೆಸರು, ಅದಕ್ಕೆ ಲಿಂಕ್ ಕೊಟ್ಟ ಪುಟ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ.

ಊರಿನ ಅಂಗಡಿ, ಆಸ್ಪತ್ರೆ, ದಾರಿ ಹುಡುಕಲು?

ಗೂಗಲ್ ಮ್ಯಾಪ್ಸ್ ಬಳಸಿ. ಡಕ್‌ಡಕ್‌ಗೋ 2019ರಿಂದ ಆಪಲ್ ಮ್ಯಾಪ್ಸ್ ತೋರಿಸುತ್ತಿದೆ. ದೇವರಾಜ ಮಾರುಕಟ್ಟೆ, ಅರಮನೆ, ಚಾಮುಂಡಿ ಬೆಟ್ಟದಂಥ ದೊಡ್ಡ ಜಾಗಗಳಿಗೆ ಸಾಕು. ಬಡಾವಣೆಯ ಮೂರನೇ ಕ್ರಾಸಿನ ಔಷಧಿ ಅಂಗಡಿ ಭಾನುವಾರ ತೆಗೆದಿರುತ್ತದೆಯೇ ಎಂಬಂಥ ಮಾಹಿತಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಇವತ್ತಿನ ಅಣೆಕಟ್ಟೆ ಮಟ್ಟ, ಈ ವರ್ಷದ ಕಬ್ಬಿನ ದರ ಯಾವುದರಲ್ಲಿ ಸರಿಯಾಗಿ ಬರುತ್ತದೆ?

ದಿನದ ಸುದ್ದಿಯಲ್ಲಿ ಗೂಗಲ್ ಚುರುಕು. ಆದರೂ ಎರಡರಲ್ಲೂ ಹಳೆಯ ಪುಟ ಮೇಲೆ ಬಂದು ಮೋಸಹೋಗುವ ಸಂಭವವಿದೆ. ಕಬ್ಬಿನ ಎಫ್‌ಆರ್‌ಪಿ (ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ದರ) 2024–25ನೇ ಹಂಗಾಮಿಗೆ ಕ್ವಿಂಟಲ್‌ಗೆ ₹340 ಇತ್ತು, 2025–26ಕ್ಕೆ ₹355 ಆಯಿತು. ಎರಡೂ ಶೇ 10.25 ಸಕ್ಕರೆ ಇಳುವರಿಯ ಲೆಕ್ಕ. ‘ಕಬ್ಬು ಎಫ್‌ಆರ್‌ಪಿ’ ಎಂದಷ್ಟೇ ಹೊಡೆದರೆ ಯಾವ ವರ್ಷದ್ದು ಮೊದಲು ಬರುತ್ತದೋ ಹೇಳಲಾಗದು, ಟನ್ನಿಗೆ ನೂರೈವತ್ತು ರೂಪಾಯಿ ತಪ್ಪಿಹೋಗುತ್ತದೆ. ಹಂಗಾಮಿನ ವರ್ಷವನ್ನು ಪ್ರಶ್ನೆಯಲ್ಲೇ ಸೇರಿಸಿ. ಡಕ್‌ಡಕ್‌ಗೋದಲ್ಲಿ ಹುಡುಕು ಪೆಟ್ಟಿಗೆಯ ಕೆಳಗೆ ‘ಎನಿ ಟೈಮ್’ ಎಂಬುದನ್ನು ಒತ್ತಿ ಕಳೆದ ದಿನ, ವಾರ, ತಿಂಗಳು ಅಥವಾ ವರ್ಷಕ್ಕೆ ಸೀಮಿತಗೊಳಿಸಿ.

ಕೆಆರ್‌ಎಸ್ ಮಟ್ಟಕ್ಕಂತೂ ಹುಡುಕುವ ಬದಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಲಾಶಯ ಪುಟವನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳುವುದು ಜಾಣತನ. ಗರಿಷ್ಠ ಮಟ್ಟ 124.80 ಅಡಿ. ಅದಕ್ಕಿಂತ ಹೆಚ್ಚಿನ ಅಂಕಿ ಕಂಡರೆ ಆ ಪುಟವನ್ನು ಅಲ್ಲೇ ಮುಚ್ಚಿ.

ಬ್ಯಾಂಗ್ ಎಂದರೇನು?

ಡಕ್‌ಡಕ್‌ಗೋದ ಅತ್ಯುತ್ತಮ ಸೌಲಭ್ಯ ಇದು ಎನ್ನುವುದು ನಮ್ಮ ಅಭಿಪ್ರಾಯ. ಹುಡುಕುವ ಪದದ ಜೊತೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ, ಅದಕ್ಕೆ ಅಂಟಿಸಿ ಒಂದೆರಡು ಇಂಗ್ಲಿಷ್ ಅಕ್ಷರ ಹೊಡೆದರೆ ನೇರ ಆ ಸೈಟಿನ ಹುಡುಕಾಟಕ್ಕೆ ಹೋಗುತ್ತೀರಿ. !ಜಿ ಎಂದರೆ ಗೂಗಲ್, !ಡಬ್ಲ್ಯೂ ಎಂದರೆ ಇಂಗ್ಲಿಷ್ ವಿಕಿಪೀಡಿಯ, !ವೈಟಿ ಎಂದರೆ ಯೂಟ್ಯೂಬ್, !ಜಿಎಂ ಎಂದರೆ ಗೂಗಲ್ ಮ್ಯಾಪ್ಸ್. ಇಂಥವು 13,000ಕ್ಕೂ ಹೆಚ್ಚಿವೆ.

ಕನ್ನಡದವರಿಗೆ ಇದರ ಉಪಯೋಗ ಏನೆಂದರೆ, ಡಕ್‌ಡಕ್‌ಗೋವನ್ನು ಡೀಫಾಲ್ಟ್ (ಬ್ರೌಸರ್ ತಾನಾಗಿ ಬಳಸುವ ಎಂಜಿನ್) ಮಾಡಿಕೊಂಡು, ಕನ್ನಡದ ಅಥವಾ ಊರಿನ ವಿಷಯ ಸಿಗದಿದ್ದಾಗ ಮಾತ್ರ ಅದೇ ಸಾಲಿಗೆ !ಜಿ ಸೇರಿಸಿ ಗೂಗಲ್‌ಗೆ ಜಿಗಿಯಬಹುದು. ಸರ್ಚ್ ಎಂಜಿನ್ ಬದಲಾಯಿಸುತ್ತಾ ಕೂರಬೇಕಿಲ್ಲ. ಜಿಗಿದ ಮೇಲೆ ನೀವು ಗೂಗಲ್ ಅಂಗಳದಲ್ಲಿರುತ್ತೀರಿ, ಡಕ್‌ಡಕ್‌ಗೋದ ಗೋಪ್ಯತೆ ಅಲ್ಲಿಗೆ ಮುಗಿಯಿತು.

ಕೆಲಸ ಮಾಡದಿದ್ದರೆ ಎರಡು ಕಾರಣ ಇರುತ್ತವೆ. ಕನ್ನಡ ಕೀಬೋರ್ಡಿನಲ್ಲೇ ಇದ್ದು ‘!ಗ’ ಎಂದು ಹೊಡೆದಿರುತ್ತೀರಿ. ಅಥವಾ ಬ್ಯಾಂಗ್ ಮತ್ತು ಪದದ ನಡುವೆ ಜಾಗ ಬಿಟ್ಟಿರುವುದಿಲ್ಲ.

ಉದ್ಧರಣ ಚಿಹ್ನೆ, ಮೈನಸ್ ಇವೆಲ್ಲ ಗೂಗಲ್‌ನಂತೆಯೇ ನಡೆಯುತ್ತವೆಯೇ?

ಹೆಸರು ಒಂದೇ, ನಡವಳಿಕೆ ಬೇರೆ. ಗೂಗಲ್‌ನಲ್ಲಿ ಪದದ ಹಿಂದೆ ಮೈನಸ್ ಹಾಕಿದರೆ ಆ ಪದವಿರುವ ಪುಟ ಹೊರಗೆ. ಡಕ್‌ಡಕ್‌ಗೋದ ಸಹಾಯ ಪುಟ ಹೇಳುವುದೇ ಹೀಗೆ: ಮೈನಸ್ ಎಂದರೆ ಅಂಥ ಫಲಿತಾಂಶ ‘ಕಡಿಮೆ’, ಪ್ಲಸ್ ಎಂದರೆ ‘ಹೆಚ್ಚು’. ಪೂರ್ತಿ ತೆಗೆದುಹಾಕುವ ಭರವಸೆ ಇಲ್ಲ. ಉದ್ಧರಣ ಚಿಹ್ನೆಯೊಳಗಿನ ಸಾಲಿಗೆ ಫಲಿತಾಂಶ ಇಲ್ಲದಿದ್ದರೆ ಅಥವಾ ತೀರ ಕಡಿಮೆ ಇದ್ದರೆ ಹತ್ತಿರದ್ದನ್ನು ತೋರಿಸಿಬಿಡುತ್ತದೆ. ಪ್ರಬಂಧಕ್ಕೆ ಕೃತಿಚೌರ್ಯ ಪರಿಶೀಲಿಸುವ ಅಧ್ಯಾಪಕರು ಇದನ್ನು ಗಮನಿಸಬೇಕು.

ಎರಡರಲ್ಲೂ ಗಟ್ಟಿಯಾಗಿ ನಡೆಯುವುದು ‘ಸೈಟ್’ ಆದೇಶ. ‘ಸೈಟ್’ ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಕೊಡಿ. ಪಹಣಿ, ಮ್ಯುಟೇಶನ್ ಎಂದು ಬರಿದೇ ಹುಡುಕಿದರೆ ಸರ್ಕಾರಿ ಸೈಟಿನಂತೆ ಕಾಣುವ ಖಾಸಗಿ ಪುಟಗಳೂ ಬರುತ್ತವೆ, ‘ಪಹಣಿ ಸೈಟ್:ಕರ್ನಾಟಕ.ಜಿಒವಿ.ಇನ್’ ಎಂದರೆ ಆ ಗದ್ದಲ ಇಲ್ಲ. ಕನ್ನಡ ವಿಕಿಪೀಡಿಯ ಮಾತ್ರ ಬೇಕಾದರೆ ‘ಸೈಟ್:ಕೆಎನ್.ವಿಕಿಪೀಡಿಯ.ಆರ್ಗ್’. ಕೋಲನ್ ಆದಮೇಲೆ ಜಾಗ ಬಿಡುವುದೇ ಸಾಮಾನ್ಯ ತಪ್ಪು. ಪಿಡಿಎಫ್ ಮಾತ್ರ ಬೇಕಾದರೆ ‘ಫೈಲ್‌ಟೈಪ್:ಪಿಡಿಎಫ್’. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಕಡತಗಳಿಗೂ ಇದು ನಡೆಯುತ್ತದೆ.

ಫೋನಿನಲ್ಲಿ ಬದಲಾಯಿಸುವುದು ಹೇಗೆ?

ಆಂಡ್ರಾಯ್ಡ್ ಕ್ರೋಮ್: ಮೇಲಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಸರ್ಚ್ ಎಂಜಿನ್, ಪಟ್ಟಿಯಲ್ಲಿ ಡಕ್‌ಡಕ್‌ಗೋ. ಪಟ್ಟಿಯಲ್ಲಿ ಕಾಣದಿದ್ದರೆ ಡಕ್‌ಡಕ್‌ಗೋ ಡಾಟ್ ಕಾಮ್‌ಗೆ ಹೋಗಿ ಏನಾದರೂ ಒಂದು ಹುಡುಕಿ ವಾಪಸ್ ಬನ್ನಿ, ‘ಇತ್ತೀಚೆಗೆ ಭೇಟಿ ನೀಡಿದ್ದು’ ಎಂಬ ಭಾಗದಲ್ಲಿ ಸೇರಿರುತ್ತದೆ.

ಫೈರ್‌ಫಾಕ್ಸ್: ಸೆಟ್ಟಿಂಗ್ಸ್, ಸರ್ಚ್, ಡೀಫಾಲ್ಟ್ ಸರ್ಚ್ ಎಂಜಿನ್.

ಐಫೋನ್: ಸೆಟ್ಟಿಂಗ್ಸ್, ಆ್ಯಪ್ಸ್, ಸಫಾರಿ, ಸರ್ಚ್ ಎಂಜಿನ್. ಐಒಎಸ್ 18ಕ್ಕಿಂತ ಹಳೆಯದರಲ್ಲಿ ‘ಆ್ಯಪ್ಸ್’ ಹಂತವಿಲ್ಲ, ಸೆಟ್ಟಿಂಗ್ಸ್ ಪಟ್ಟಿಯಲ್ಲೇ ಸಫಾರಿ ಇರುತ್ತದೆ.

ಬದಲಾಯಿಸಿದೆ, ಆದರೂ ಗೂಗಲ್ಲೇ ಬರುತ್ತಿದೆ.

ಫೋನಿನ ಮುಖಪುಟದಲ್ಲಿರುವ ಗೂಗಲ್ ಪಟ್ಟಿಯಲ್ಲಿ ಟೈಪ್ ಮಾಡುತ್ತಿದ್ದೀರಿ. ಅದು ಕ್ರೋಮ್‌ನ ಭಾಗವಲ್ಲ, ಬೇರೆಯೇ ಆ್ಯಪ್. ಕ್ರೋಮ್‌ನಲ್ಲಿ ಏನು ಬದಲಾಯಿಸಿದರೂ ಅದಕ್ಕೆ ತಾಗುವುದಿಲ್ಲ. ಒತ್ತಿ ಹಿಡಿದು ‘ರಿಮೂವ್’ ಮಾಡಿ, ಆ ಜಾಗಕ್ಕೆ ಬ್ರೌಸರಿನ ವಿಜೆಟ್ ಹಾಕಿ. ಕೆಲವು ಫೋನುಗಳಲ್ಲಿ ಆ ಪಟ್ಟಿ ತೆಗೆಯಲು ಬರುವುದಿಲ್ಲ. ವಿಂಡೋಸ್ ಲ್ಯಾಪ್‌ಟಾಪಿನಲ್ಲೂ ಹೀಗೆಯೇ: ಸ್ಟಾರ್ಟ್ ಮೆನುವಿನಲ್ಲಿ ವೆಬ್ ಹುಡುಕಿದರೆ ಅದು ಬಿಂಗ್‌ಗೇ ಹೋಗುತ್ತದೆ. ಎಡ್ಜ್ ಬ್ರೌಸರಿನಲ್ಲಿ ವಿಳಾಸ ಪಟ್ಟಿಗೆ ಒಂದು ಸೆಟ್ಟಿಂಗ್, ಹೊಸ ಟ್ಯಾಬಿನ ಮಧ್ಯದ ಪೆಟ್ಟಿಗೆಗೆ ಇನ್ನೊಂದು, ಎರಡನ್ನೂ ಬದಲಾಯಿಸಬೇಕು.

ಹೊಸ ಫೋನಿನಲ್ಲಿ ಸರ್ಚ್ ಎಂಜಿನ್ ಯಾವುದು ಬೇಕೆಂದು ಕೇಳುತ್ತದಂತೆ?

2022ರ ಅಕ್ಟೋಬರ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿ, ಫೋನ್ ಸಿದ್ಧಪಡಿಸುವಾಗಲೇ ಆಯ್ಕೆ ಕೊಡಬೇಕೆಂದಿತು. 2023ರ ಜನವರಿಯಲ್ಲಿ ಗೂಗಲ್ ಭಾರತದ ಹೊಸ ಆಂಡ್ರಾಯ್ಡ್ ಫೋನುಗಳಿಗೆ ಆಯ್ಕೆಯ ಪರದೆ ತರುವುದಾಗಿ ಪ್ರಕಟಿಸಿತು. ಆ ಪರದೆ ಒಂದೇ ಸಲ ಬರುವಂಥದ್ದು. ಅಂಗಡಿಯ ಹುಡುಗರೇ ಫೋನ್ ಸೆಟಪ್ ಮಾಡಿ ಕೊಟ್ಟರೆ ಆಯ್ಕೆಯೂ ಅವರದ್ದೇ ಆಗಿರುತ್ತದೆ.

ಡೀಫಾಲ್ಟ್ ಜಾಗಕ್ಕೆ ಬೆಲೆ ಎಷ್ಟೆಂದರೆ, ಅದನ್ನು ಉಳಿಸಿಕೊಳ್ಳಲು ಗೂಗಲ್ 2021ರಲ್ಲಿ ಆಪಲ್ ಮೊದಲಾದವರಿಗೆ ಕೊಟ್ಟದ್ದು 2,630 ಕೋಟಿ ಡಾಲರ್ ಎಂದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ಅದೇ ಮೊಕದ್ದಮೆಯಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದು ತೀರ್ಪಿತ್ತರು.

ಮೇಲ್ಗಡೆ ಬರುವ ಎಐ ಉತ್ತರ ಬೇಡ. ತೆಗೆಯಬಹುದೇ?

ಡಕ್‌ಡಕ್‌ಗೋದಲ್ಲಿ ತೆಗೆಯಬಹುದು. ಸೆಟ್ಟಿಂಗ್ಸ್‌ನಲ್ಲಿ ಎಐ ಭಾಗಕ್ಕೆ ಹೋಗಿ ಸರ್ಚ್ ಅಸಿಸ್ಟ್ ಅನ್ನು ‘ನೆವರ್’ ಮಾಡಿ. ಎಐ ಚಿತ್ರಗಳನ್ನು ಮರೆಮಾಡುವ ಆಯ್ಕೆಯನ್ನೂ 2025ರಲ್ಲಿ ಕೊಟ್ಟಿದ್ದಾರೆ. ಗೂಗಲ್‌ನಲ್ಲಿ ಪೂರ್ತಿ ಆರಿಸುವ ಗುಂಡಿ ಇಲ್ಲ. ಪ್ರತಿ ಸಲವೂ ಫಲಿತಾಂಶದ ಮೇಲಿನ ಸಾಲಿನಲ್ಲಿ ‘ವೆಬ್’ ಆರಿಸಿದರೆ ಬರೀ ಲಿಂಕುಗಳು ಬರುತ್ತವೆ.

ನಮ್ಮ ಹೋಂಸ್ಟೇ ಗೂಗಲ್‌ನಲ್ಲಿ ಮೊದಲ ಪುಟದಲ್ಲಿದೆ, ಡಕ್‌ಡಕ್‌ಗೋದಲ್ಲಿ ಇಲ್ಲವೇ ಇಲ್ಲ. ಏನು ಮಾಡಬೇಕು?

ಡಕ್‌ಡಕ್‌ಗೋಗೆ ಸೈಟ್ ಸಲ್ಲಿಸುವ ಪುಟ ಇಲ್ಲ. ಬಿಂಗ್‌ಗೆ ಕೊಟ್ಟರೆ ಇಲ್ಲಿಗೂ ಬರುತ್ತದೆ. ಕ್ರಮ ಹೀಗೆ:

1. ಬಿಂಗ್‌ನಲ್ಲಿ ‘ಸೈಟ್:’ ಜೊತೆ ನಿಮ್ಮ ವಿಳಾಸ ಹಾಕಿ ನೋಡಿ. ಏನೂ ಬರದಿದ್ದರೆ ಇಂಡೆಕ್ಸ್ ಆಗಿಲ್ಲ ಎಂದರ್ಥ.
2. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್‌ನಲ್ಲಿ ಉಚಿತ ಖಾತೆ ತೆರೆಯಿರಿ. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಈಗಾಗಲೇ ಇದ್ದರೆ ‘ಇಂಪೋರ್ಟ್’ ಒತ್ತಿ, ಮತ್ತೆ ದೃಢೀಕರಿಸುವ ಕೆಲಸ ತಪ್ಪುತ್ತದೆ.
3. ಸೈಟ್‌ಮ್ಯಾಪ್ (ನಿಮ್ಮ ಸೈಟಿನ ಪುಟಗಳ ಪಟ್ಟಿ) ಸಲ್ಲಿಸಿ. ವರ್ಡ್‌ಪ್ರೆಸ್ ಆದರೆ ಇಂಡೆಕ್ಸ್‌ನೌ ಪ್ಲಗಿನ್ ಹಾಕಿ. ಪುಟ ಬದಲಾದಾಗಲೆಲ್ಲ ಅದೇ ಬಿಂಗ್‌ಗೆ ಸುದ್ದಿ ಮುಟ್ಟಿಸುತ್ತದೆ.
4. ಯಾವ ಕ್ರಾಲರ್ ಬರಬಹುದೆಂದು ಹೇಳುವ ‘ರೋಬೋಟ್ಸ್’ ಕಡತ ತೆರೆದು ಬಿಂಗ್‌ನ ಕ್ರಾಲರ್ ಆದ ಬಿಂಗ್‌ಬಾಟ್‌ಗೆ ತಡೆ ಇದೆಯೇ ನೋಡಿ. ಸೈಟ್ ಮಾಡಿಕೊಟ್ಟವರು ಗೂಗಲ್‌ಬಾಟ್ ಬಿಟ್ಟು ಉಳಿದೆಲ್ಲವನ್ನೂ ತಡೆದಿರುವ ಸಂದರ್ಭಗಳಿವೆ.

ಮ್ಯಾಪ್ ವಿಷಯ ಬೇರೆ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಷ್ಟು ಚೆಂದ ಇದ್ದರೂ ಡಕ್‌ಡಕ್‌ಗೋ ಮ್ಯಾಪ್‌ನಲ್ಲಿ ಕಾಣದು. ಅದಕ್ಕೆ ಆಪಲ್‌ನ ವ್ಯಾಪಾರಿ ನೋಂದಣಿಯಲ್ಲಿ ಜಾಗ ಸೇರಿಸಬೇಕು. ಐಫೋನ್ ಹಿಡಿದು ಬರುವ ವಿದೇಶಿ ಪ್ರವಾಸಿಗರೇ ನಿಮ್ಮ ಗಿರಾಕಿಗಳಾಗಿದ್ದರೆ ಈ ಶ್ರಮಕ್ಕೆ ಅರ್ಥವಿದೆ. ದಸರೆಗೆ ಬರುವ ಬೆಂಗಳೂರಿನವರೇ ಹೆಚ್ಚಾದರೆ ಗೂಗಲ್ ಒಂದೇ ಸಾಕು.

ಶಾಲೆಯ ಲ್ಯಾಬಿಗೆ ಯಾವುದು?

‘ಸೇಫ್ ಡಾಟ್ ಡಕ್‌ಡಕ್‌ಗೋ ಡಾಟ್ ಕಾಮ್’ ಅನ್ನು ಮುಖಪುಟ ಮಾಡಿ, ಅಲ್ಲಿ ಅಶ್ಲೀಲ ಫಲಿತಾಂಶ ತಡೆಯುವ ಸೇಫ್ ಸರ್ಚ್ ಸದಾ ಬಿಗಿಯಾಗಿರುತ್ತದೆ. ಮಕ್ಕಳು ಮಾಮೂಲಿ ವಿಳಾಸಕ್ಕೆ ಹೋಗಬಾರದೆಂದರೆ ಅದನ್ನು ರೂಟರ್‌ನಲ್ಲಿ ಪ್ರತ್ಯೇಕವಾಗಿ ತಡೆಯಬೇಕು. ಹಳೆಯ ಕಂಪ್ಯೂಟರ್, ನಿಧಾನ ನೆಟ್ ಇದ್ದರೆ ‘ಲೈಟ್ ಡಾಟ್ ಡಕ್‌ಡಕ್‌ಗೋ ಡಾಟ್ ಕಾಮ್’ ಇದೆ: ಚಿತ್ರವಿಲ್ಲ, ಜಾವಾಸ್ಕ್ರಿಪ್ಟ್ ಬೇಡ, ಬರೀ ಅಕ್ಷರ.

ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಲು ಯಾವುದು ಸುರಕ್ಷಿತ?

ಯಾವುದೂ ಅಲ್ಲ. ವಂಚಕರ ನಂಬರ್ ಎಲ್ಲ ಎಂಜಿನ್‌ಗಳಲ್ಲೂ ನುಸುಳುತ್ತದೆ. ಪಾಸ್‌ಬುಕ್ಕು, ಎಟಿಎಂ ಕಾರ್ಡಿನ ಹಿಂಬದಿ ನೋಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಇದೂ ಬಿಂಗ್ ನೆರಳೇ ಅಂದಮೇಲೆ, ಸ್ವಂತ ಇಂಡೆಕ್ಸ್ ಇರುವವು ಇಲ್ಲವೇ?

ಇವೆ. ಬ್ರೇವ್ ಸರ್ಚ್ 2021ರಲ್ಲಿ ಬಂತು, 2023ರ ಏಪ್ರಿಲ್‌ನಲ್ಲಿ ಬಿಂಗ್ ಊರುಗೋಲನ್ನೂ ಬಿಟ್ಟಿತು. ಇಂಗ್ಲಿಷಿಗೆ ಚೆನ್ನಾಗಿದೆ. ಬ್ರಿಟನ್ನಿನ ಮೊಜೀಕ್ 2004ರಿಂದ ತನ್ನದೇ ಕ್ರಾಲರ್ ಓಡಿಸುತ್ತಿದೆ. ದೊಡ್ಡವರ ಪಟ್ಟಿಯಲ್ಲಿ ಮುಳುಗಿಹೋದ ಸಣ್ಣ ಇಂಗ್ಲಿಷ್ ಸೈಟುಗಳು ಅಲ್ಲಿ ಸಿಗುತ್ತವೆ, ಕನ್ನಡಕ್ಕೆ ಮಾತ್ರ ಅದನ್ನು ನಂಬಿ ಕೂರಬೇಡಿ. ಕಾಗಿ ದುಡ್ಡು ಕೊಟ್ಟು ಬಳಸುವಂಥದ್ದು, ಜಾಹೀರಾತಿಲ್ಲ. ನೂರು ಹುಡುಕಾಟ ಉಚಿತವಾಗಿ ನೋಡಿ, ಆಮೇಲೆ ತಿಂಗಳಿಗೆ 5 ಡಾಲರ್‌ನಿಂದ ಶುರು. ಗೂಗಲ್ ಫಲಿತಾಂಶವೇ ಬೇಕು, ಗೂಗಲ್‌ಗೆ ನಿಮ್ಮ ಗುರುತು ಬೇಡ ಎನ್ನುವವರಿಗೆ ನೆದರ್ಲೆಂಡ್ಸ್‌ನ ಸ್ಟಾರ್ಟ್‌ಪೇಜ್ ಇದೆ. ಕನ್ನಡ ಓದುಗರಿಗೆ ಡಕ್‌ಡಕ್‌ಗೋಗಿಂತ ಇದೇ ಹೆಚ್ಚು ಒಗ್ಗಬಹುದು.

ನಾವೇ ಹೋಲಿಸಿ ನೋಡುವುದು ಹೇಗೆ?

ಎರಡು ಪ್ರೈವೇಟ್ ವಿಂಡೋ ತೆರೆಯಿರಿ. ಇಲ್ಲದಿದ್ದರೆ ನಿಮ್ಮ ಹಳೆಯ ಹುಡುಕಾಟ ಗೂಗಲ್ ಕಡೆಗೆ ತಕ್ಕಡಿ ವಾಲಿಸುತ್ತದೆ. ನಿಮ್ಮದೇ ಹಿಸ್ಟರಿಯಿಂದ ಹತ್ತು ಹುಡುಕಾಟ ಆರಿಸಿಕೊಳ್ಳಿ: ಕನ್ನಡದ್ದು ಮೂರು, ಊರಿನದ್ದು ಎರಡು, ಇಂಗ್ಲಿಷಿನ ಪಾಠ ಅಥವಾ ವೃತ್ತಿಯದ್ದು ಮೂರು, ಇವತ್ತಿನ ಸುದ್ದಿ ಎರಡು. ಎರಡರಲ್ಲೂ ಅಕ್ಷರಶಃ ಅದನ್ನೇ ಹಾಕಿ, ಜಾಹೀರಾತು ಬಿಟ್ಟು ಮೊದಲ ಐದು ಲಿಂಕ್ ಮಾತ್ರ ನೋಡಿ, ಉತ್ತರ ಎಷ್ಟನೆಯದರಲ್ಲಿ ಸಿಕ್ಕಿತು ಎಂದು ಬರೆದಿಡಿ. ಡಕ್‌ಡಕ್‌ಗೋದಲ್ಲಿ ‘ಇಂಡಿಯಾ’ ಪ್ರದೇಶದ ಗುಂಡಿ ಊರಿನ ಮತ್ತು ಸುದ್ದಿಯ ಪ್ರಶ್ನೆಗಳಿಗೆ ಆನ್ ಇರಲಿ. ಪ್ರೋಗ್ರಾಮಿಂಗ್, ವೈದ್ಯಕೀಯದಂಥ ವಿಷಯಕ್ಕೆ ಆಫ್ ಮಾಡಿದರೆ ಒಳ್ಳೆಯದು.

ಡಕ್‌ಡಕ್‌ಗೋ ತೆರೆಯುವುದೇ ಇಲ್ಲ, ಅಥವಾ ಫಲಿತಾಂಶ ಖಾಲಿ.

ಪುಟ ಬಂದು ಫಲಿತಾಂಶ ಮಾತ್ರ ಬರದಿದ್ದರೆ ತೊಂದರೆ ಬಿಂಗ್ ಕಡೆ ಇರಬಹುದು. 2024ರ ಮೇ 23ರಂದು ಬಿಂಗ್ ಕೈಕೊಟ್ಟಾಗ ಡಕ್‌ಡಕ್‌ಗೋ ಮತ್ತು ಬಿಂಗನ್ನು ನೆಚ್ಚಿದ್ದ ಇನ್ನೊಂದು ಸರ್ಚ್ ಎಂಜಿನ್ ಇಕೋಸಿಯಾ ಎರಡೂ ಕೆಲವು ಗಂಟೆ ಕೆಲಸ ನಿಲ್ಲಿಸಿದ್ದವು. ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಬ್ರೇವ್ ಅಥವಾ ಗೂಗಲ್‌ಗೆ ಹೋಗಿ. ಪುಟವೇ ತೆರೆಯದಿದ್ದರೆ ನಿಮ್ಮ ನೆಟ್‌ವರ್ಕ್ ನೋಡಿ. 2020ರ ಜುಲೈ ಆರಂಭದಲ್ಲಿ ಭಾರತದ ಹಲವು ನೆಟ್‌ವರ್ಕ್‌ಗಳಲ್ಲಿ ಅದು ಕೆಲಕಾಲ ಸಿಗದೇ ಹೋಗಿತ್ತು. ಮೊಬೈಲ್ ಡೇಟಾದಲ್ಲಿ ಬಂದು ಮನೆಯ ವೈಫೈನಲ್ಲಿ ಬರದಿದ್ದರೆ ರೂಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಅನ್ನು 1.1.1.1 ಎಂದು ಬದಲಾಯಿಸಿ ಪ್ರಯತ್ನಿಸಿ.

ಮಾಡಿಟ್ಟ ಸೆಟ್ಟಿಂಗ್ಸ್ ಎಲ್ಲ ಅಳಿಸಿಹೋಗುತ್ತಿದೆ.

ಖಾತೆ ಇಲ್ಲದ ಕಾರಣ ಅವು ನಿಮ್ಮ ಬ್ರೌಸರಿನ ಕುಕಿಯಲ್ಲೇ (ಸೈಟು ಬ್ರೌಸರಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಕಡತ) ಇರುತ್ತವೆ. ಬ್ರೌಸಿಂಗ್ ಡೇಟಾ ಅಳಿಸುವಾಗ ಕುಕಿಯನ್ನೂ ಟಿಕ್ ಮಾಡಿದರೆ ಪ್ರದೇಶ, ಸೇಫ್ ಸರ್ಚ್, ಎಐ ಎಲ್ಲ ಮೊದಲಿನಂತಾಗುತ್ತವೆ. ಅಳಿಸುವಾಗ ಹಿಸ್ಟರಿ ಮಾತ್ರ ಆರಿಸಿ, ಇಲ್ಲವೇ ಡಕ್‌ಡಕ್‌ಗೋ ಕುಕಿಗೆ ವಿನಾಯಿತಿ ಕೊಡಿ. ಪ್ರೈವೇಟ್ ವಿಂಡೋದಲ್ಲಿ ಮಾಡಿದ ಬದಲಾವಣೆ ವಿಂಡೋ ಮುಚ್ಚಿದ ಕೂಡಲೇ ಹೋಗುತ್ತದೆ.